ವಿದ್ಯಾರ್ಥಿ ಖುದ್ದಾಗಿ ಬರಬೇಕು

"ವಿದ್ಯಾರ್ಥಿ ಖುದ್ದಾಗಿ ಬರಬೇಕಮ್ಮಾ," ಎಂದು ರೈಲ್ವೆ ಪಾಸಿನ ಕೌಂಟರಿನವರು ಅರ್ಜಿಯನ್ನು ಕಿಂಡಿಯಿಂದ ಹೊರಗೆ ತಳ್ಳಿದರು. "ಮಗಳನ್ನ ಕಳಿಸಿ."

ನನಗೆ ಮಗಳಿಲ್ಲ. ಗಂಡನೂ ಇಲ್ಲ. ಸಂಬಂಧಗಳು ಬರುತ್ತಿದ್ದ ಕಾಲದಲ್ಲಿ ಅಪ್ಪನ ಕಾಯಿಲೆ, ಆಮೇಲೆ ಅಣ್ಣನ ಕನ್ನಡಕದ ಅಂಗಡಿ. ಹಾಗೇ ನಲವತ್ತೆರಡಾಯಿತು. ಅರ್ಜಿಯನ್ನು ಮತ್ತೆ ಒಳಗೆ ತಳ್ಳಿದೆ.

"ಖುದ್ದಾಗೇ ಬಂದಿದೀನಿ ಸರ್."

ಅವರು ಅರ್ಜಿಗೆ ಅಂಟಿಸಿದ್ದ ಫೋಟೊ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೊ ನೋಡಿದರು. ಅವರ ಕಿವಿಗಳು ತುದಿಯಿಂದ ಕೆಂಪಾಗುತ್ತ ಬಂದವು. ನನ್ನ ಹಿಂದೆ ನಿಂತಿದ್ದ ಹುಡುಗಿಯರು ಕಿಸಕ್ಕೆಂದರು.

"ಕ್ಷಮಿಸಿ. ಫೋಟೊದಲ್ಲಿ ಸ್ವಲ್ಪ... ಚಿಕ್ಕವರ ಥರ ಕಂಡ್ರಿ."

"ಹೋದ ವಾರ ತೆಗೆಸಿದ್ದು."

"ಹಾಗಾದ್ರೆ ಚೆನ್ನಾಗೇ ಬಂದಿದೆ," ಎಂದುಬಿಟ್ಟರು. ಹೇಳಿದ ಮೇಲೆ ಅವರಿಗೇ ಗಾಬರಿಯಾಗಿ, ಸೀಲನ್ನು ಇಂಕ್ ಪ್ಯಾಡಿನ ಬದಲು ಮೇಜಿಗೆ ಒತ್ತಿದರು.

ಆ ದಿನ ವಿದ್ಯಾರ್ಥಿ ರಿಯಾಯಿತಿಯ ಪಾಸನ್ನು ಕೈಯಲ್ಲಿ ಹಿಡಿದು ರೈಲು ಹತ್ತಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಇಪ್ಪತ್ತು ವರ್ಷ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಬೇರೆಯವರು ಬರೆದುಕೊಟ್ಟ ನಂಬರಿಗೆ ದುಡಿದವಳು ನಾನು. ಈಗ ಕಣ್ಣು ಪರೀಕ್ಷೆ ಮಾಡುವುದನ್ನೇ ಕಲಿಯಲು ಹೊರಟಿದ್ದೆ. ವಾರಕ್ಕೆ ಮೂರು ಮಧ್ಯಾಹ್ನ ಕ್ಲಾಸು, ಒಂದೂವರೆ ಗಂಟೆಯ ಪ್ರಯಾಣ.

"ಈ ವಯಸ್ಸಲ್ಲಿ ಸ್ಟೂಡೆಂಟಾ?" ಎಂದು ಅಣ್ಣ ನಕ್ಕಿದ್ದ.

"ನೀನು ಈ ವಯಸ್ಸಲ್ಲಿ ಕೂದಲಿಗೆ ಬಣ್ಣ ಹಚ್ಚಲ್ವಾ? ಸುಮ್ನಿರು," ಎಂದು ಅತ್ತಿಗೆ ಅವನ ಬಾಯಿ ಮುಚ್ಚಿಸಿದ್ದಳು.

ಎರಡನೆಯ ಸಲ ಪಾಸಿಗೆ ಹೋದಾಗ ಕೌಂಟರಿನವರ ಕನ್ನಡಕ ಎಡಕ್ಕೆ ವಾಲಿತ್ತು. ವಾಲಿದ ಕನ್ನಡಕ ಕಂಡರೆ ನನಗೆ ಕೈ ಕಟ್ಟಿ ನಿಲ್ಲಲಾಗದು.

"ಸರ್, ಕನ್ನಡಕ ಕೊಡಿ."

"ಯಾಕೆ? ನಿಯಮದಲ್ಲಿ ಅದೇನೂ ಇಲ್ವಲ್ಲ."

"ಕೊಡಿ ಅಂದ್ರೆ. ನಮ್ಮಣ್ಣಂದು ಕನ್ನಡಕದ ಅಂಗಡಿ."

ಕೊಟ್ಟರು. ಕನ್ನಡಕ ತೆಗೆದರೆ ಹೆಚ್ಚಿನವರ ಮುಖ ಬರಿದಾಗಿ ಕಾಣುತ್ತದೆ. ಇವರ ಮುಖ ಆಗತಾನೆ ನಿದ್ದೆಯಿಂದ ಎದ್ದು ಬಂದಂತಿತ್ತು. ದೊಡ್ಡ ಕಣ್ಣುಗಳು, ಮೂಗಿನ ಎರಡೂ ಪಕ್ಕ ಫ್ರೇಮು ಒತ್ತಿದ ಪುಟ್ಟ ಗುರುತುಗಳು. ಗಾಜನ್ನು ಬೆಳಕಿಗೆ ಹಿಡಿದ ಕೂಡಲೇ ನಂಬರು ಎಷ್ಟು ಜಾಸ್ತಿಯೆಂದು ತಿಳಿಯಿತು. ಅಲ್ಲಿಂದ ಅವರಿಗೆ ನಾನು ಬರೀ ಮಸುಕು. ಹಾಗಾಗಿ ಯಾವ ಸಂಕೋಚವೂ ಇಲ್ಲದೆ ಕಣ್ತುಂಬ ನೋಡಿದೆ.

"ಮನೆಯಲ್ಲಿ ಯಾರೂ ಹೇಳಲ್ವಾ, ವಾಲಿದೆ ಅಂತ?"

"ತಂಗಿ ಹೇಳ್ತಿದ್ಲು. ಮದುವೆಯಾಗಿ ಹೋದ್ಲು. ಈಗ ಕನ್ನಡಿ ಒಂದೇ. ಅದನ್ನ ನೋಡೋಕೂ ಕನ್ನಡಕ ಬೇಕು." ನಕ್ಕರು. "ಆಯ್ತಾ?"

"ಇನ್ನೊಂದು ನಿಮಿಷ."

ಕಡ್ಡಿ ನೆಟ್ಟಗಾಗಿ ಆಗಲೇ ಎರಡು ನಿಮಿಷವಾಗಿತ್ತು.

ಕಾಲೇಜಿನ ಹುಡುಗ ಹುಡುಗಿಯರು ಅವರಿಗೆ 'ರೂಲ್ ಬುಕ್' ಎಂದು ಹೆಸರಿಟ್ಟಿದ್ದರು. ಹುಟ್ಟಿದ ತಾರೀಖಿನ ಒಂದು ಅಂಕಿ ತಪ್ಪಿದರೂ ಅರ್ಜಿ ವಾಪಸ್. ಪ್ರಿನ್ಸಿಪಾಲರ ಸಹಿ ಗೆರೆ ದಾಟಿದರೂ ವಾಪಸ್. ನನ್ನ ಅರ್ಜಿ ಮಾತ್ರ ಯಾವತ್ತೂ ವಾಪಸಾಗಲಿಲ್ಲ. ಅದರ ಅರ್ಥ ಏನೆಂದು ತೀರ್ಮಾನಿಸಲು ನನಗೆ ಧೈರ್ಯವಿರಲಿಲ್ಲ. ನಾನು ಅಚ್ಚುಕಟ್ಟಾಗಿ ತುಂಬುತ್ತೇನೆ, ಅಷ್ಟೇ, ಎಂದುಕೊಳ್ಳುತ್ತಿದ್ದೆ.

ಪ್ರತಿ ತಿಂಗಳೂ ಹೊಸ ಅರ್ಜಿ, ಹೊಸ ಸಹಿ, ಹೊಸ ಸೀಲು. ಮೂರನೆಯ ತಿಂಗಳು ಕಾಲೇಜ್ ಆಫೀಸಿನ ಗುಮಾಸ್ತೆ ಸಿಡುಕಿದಳು. "ಮೂರು ತಿಂಗಳ ಪಾಸು ಒಂದೇ ಸಲ ಕೊಡ್ತಾರೆ ಕಣಮ್ಮಾ. ಎಲ್ಲರೂ ಅದನ್ನೇ ತಗೊಳ್ಳೋದು. ನಿನ್ನಿಂದ ನನ್ನ ಸೀಲು ಸವೆದುಹೋಯ್ತು!"

"ಹೌದಾ? ಗೊತ್ತೇ ಇರಲಿಲ್ಲ," ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಆದರೆ ಮುಂದಿನ ತಿಂಗಳೂ ಒಂದೇ ತಿಂಗಳ ಪಾಸಿಗೆ ಅರ್ಜಿ ತುಂಬಿದೆ. ಅದರ ಮುಂದಿನ ತಿಂಗಳೂ. ಮೂರು ತಿಂಗಳದ್ದು ತೆಗೆದುಕೊಂಡರೆ ವರ್ಷಕ್ಕೆ ನಾಲ್ಕೇ ಸಲ ಆ ಕಿಂಡಿ. ನನಗೆ ಹನ್ನೆರಡು ಬೇಕಿತ್ತು. ಅಂಗಡಿಯಲ್ಲಿ ಗಾಜು ಉಜ್ಜುತ್ತ ತಾರೀಖು ಎಣಿಸುವ ನನ್ನನ್ನು ನೋಡಿ ಅತ್ತಿಗೆ ಒಮ್ಮೆ, "ಪರೀಕ್ಷೆಯಾ?" ಎಂದಳು.

"ಒಂಥರಾ," ಎಂದೆ.

ಎಂಟನೆಯ ತಿಂಗಳು ಕ್ಲಾಸಿನಲ್ಲಿ ಕೇಕೆ ಎದ್ದಿತು. ಪಕ್ಕದ ಬೆಂಚಿನ ಹುಡುಗಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಆಂಟೀ, ನಾಳೆಯಿಂದ ಪಾಸು ಫೋನಲ್ಲೇ! ಕಾಲೇಜಿಂದಾನೇ ಹೆಸರು ಹೋಗುತ್ತಂತೆ. ಅರ್ಜಿ ಇಲ್ಲ, ಕ್ಯೂ ಇಲ್ಲ, ರೂಲ್ ಬುಕ್ ಮುಖ ನೋಡೋ ಹಾಗೇ ಇಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಒಂದು ತಾಳ ತಡವಾಗಿ.

ಮಾರನೆಯ ದಿನ ಹನ್ನೆರಡೂ ಮುಕ್ಕಾಲಿಗೆ ಸ್ಟೇಷನ್ನಿನಲ್ಲಿದ್ದೆ. ಕೈಯಲ್ಲಿ ಇನ್ನು ಯಾರಿಗೂ ಬೇಡದ ಅರ್ಜಿ. ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೆಂದರೆ, ಮುಂದೆ ನಿಂತಿದ್ದ ಹೆಂಗಸಿಗೆ ಕೇಳಿಸಿಬಿಟ್ಟರೆ ಎಂದು ಹೆದರಿದೆ. ಇಪ್ಪತ್ತೈದರಲ್ಲಿ ಆಗಬೇಕಾದದ್ದೆಲ್ಲ ನನಗೆ ಈಗ ಆಗುತ್ತಿತ್ತು, ಮಂಡಿನೋವಿನ ಜೊತೆಗೆ. ಇವತ್ತು ಏನೂ ಹೇಳದೆ ಹೋದರೆ ನಾಳೆ ಇಲ್ಲಿಗೆ ಬರಲು ನನ್ನ ಬಳಿ ನೆಪವೇ ಇಲ್ಲ.

ನನ್ನ ಸರದಿ ಬಂತು. ಅವರು ಅರ್ಜಿ ನೋಡಿದರು, ಮುಟ್ಟಲಿಲ್ಲ.

"ಇದರ ಅಗತ್ಯ ಇನ್ನಿಲ್ಲ ಮೇಡಂ. ಫೋನಲ್ಲೇ..."

"ಗೊತ್ತು."

"ಗೊತ್ತಾ?" ಕನ್ನಡಕದೊಳಗಿನ ಕಣ್ಣುಗಳು ನನ್ನ ಮುಖದ ಮೇಲೆ ನಿಂತವು, ಜಾರಿ ಅರ್ಜಿಗೆ ಇಳಿದವು, ಮತ್ತೆ ಮೇಲೆ ಬಂದವು. "ನಾನೊಂದು ವಿಷಯ ಹೇಳ್ಬೇಕು. ನಿಮಗೆ ನಾನು ಮೋಸ ಮಾಡಿದೀನಿ."

ಮದುವೆಯಾಗಿದೆ, ಎಂದುಕೊಂಡೆ. ಮಕ್ಕಳೂ ಇರಬೇಕು.

"ಮೂರು ತಿಂಗಳ ಪಾಸು ಇದೆ. ಮೊದಲನೇ ದಿನಾನೇ ಹೇಳ್ಬೇಕಿತ್ತು. ನಿಯಮ ಅದು, ಎಲ್ಲರಿಗೂ ಹೇಳ್ತೀನಿ. ನಿಮಗೊಬ್ಬರಿಗೆ..." ಅವರ ದನಿ ಇಳಿಯಿತು. "ಹೇಳಿದ್ರೆ ನೀವು ಮೂರು ತಿಂಗಳಿಗೊಮ್ಮೆ ಬರ್ತೀರಿ. ಪ್ರತಿ ಸಲ, ಈ ಸಲ ಹೇಳೇಬಿಡ್ತೀನಿ ಅಂದ್ಕೋತಿದ್ದೆ. ನಿಮ್ಮನ್ನ ನೋಡಿದ ಕೂಡಲೇ ಇನ್ನೊಂದು ತಿಂಗಳು ಇರ್ಲಿ ಅನ್ನಿಸ್ತಿತ್ತು. ಬೇಕಾದ್ರೆ ಮೇಲಿನವರಿಗೆ ದೂರು ಕೊಡಿ. ಫಾರಂ ನಾನೇ ಕೊಡ್ತೀನಿ."

ದೂರಿನ ಫಾರಂ ಹುಡುಕಲು ಡ್ರಾಯರನ್ನೂ ಎಳೆದರು! ನನಗೆ ನಗು ತಡೆಯಲಾಗಲಿಲ್ಲ. ಅಳುವೂ ಬಂತು.

"ಸರ್, ನನಗೆ ಐದು ತಿಂಗಳಿಂದ ಗೊತ್ತು."

"ಏನು?"

"ಮೂರು ತಿಂಗಳ ಪಾಸು ಇದೆ ಅಂತ."

ಅವರ ಕೈ ಡ್ರಾಯರಿನಲ್ಲೇ ನಿಂತಿತು. "ಮತ್ತೆ... ಪ್ರತಿ ತಿಂಗಳೂ ಯಾಕೆ..."

ಇಷ್ಟು ದಿನ ಮುಚ್ಚಿಡುತ್ತಿದ್ದ ನೋಟವನ್ನು ಮುಚ್ಚಿಡದೆ ಅವರ ಮೇಲೆ ಇಟ್ಟೆ. ಈ ಸಲ ಅವರ ಕನ್ನಡಕ ನೆಟ್ಟಗಿತ್ತು. ಅವರಿಗೆ ನಾನು ಸ್ಪಷ್ಟವಾಗಿ ಕಾಣುತ್ತಿದ್ದೆ.

ಹಿಂದಿನಿಂದ ಯಾರೋ, "ಆಂಟೀ, ಬೇಗ ಮುಗ್ಸಿ!" ಎಂದರು. ಇನ್ನೊಂದು ದನಿ, "ಶ್ಶ್! ಸುಮ್ನಿರೋ, ಮುಖ್ಯವಾದ್ದೇ ನಡೀತಿದೆ," ಎಂದಿತು.

ಅವರು ಎದ್ದು 'ಊಟದ ವಿರಾಮ' ಎಂಬ ಬೋರ್ಡನ್ನು ಕಿಂಡಿಗೆ ಇಟ್ಟರು.

"ಸರ್, ಒಂದು ಗಂಟೆಗೆ ಇನ್ನೂ ಐದು ನಿಮಿಷ ಇದೆ!"

"ಪಕ್ಕದ ಕೌಂಟರಿಗೆ ಹೋಗಿ."

"ರೂಲ್ ಬುಕ್ ಹರಿದುಹೋಯ್ತು!" ಎಂದು ಯಾರೋ ಕೂಗಿದರು. ಸಾಲಿಗೆ ಸಾಲೇ ನಕ್ಕಿತು.

ಪಕ್ಕದ ಬಾಗಿಲು ತೆರೆಯಿತು. ಎಂಟು ತಿಂಗಳಲ್ಲಿ ನಾನು ಅವರನ್ನು ಎದೆಯಿಂದ ಮೇಲಕ್ಕೆ ಮಾತ್ರ ನೋಡಿದ್ದೆ. ಒಳಗೆ ಕೂತಾಗ ಎತ್ತರದ ಆಳು ಅನ್ನಿಸುತ್ತಿತ್ತು. ಹೊರಗೆ ಬಂದು ನಿಂತವರು ನನ್ನ ಕಿವಿಯ ಮಟ್ಟಕ್ಕಿದ್ದರು.

"ಒಳಗೆ ಸ್ಟೂಲು ಎತ್ತರ," ಎಂದರು, ತಪ್ಪೊಪ್ಪಿಕೊಳ್ಳುವವರಂತೆ.

"ಇದನ್ನೂ ಮುಚ್ಚಿಟ್ಟಿದ್ರಾ?"

"ಇನ್ನೇನೂ ಉಳಿದಿಲ್ಲ. ಆಣೆಗೂ."

ಇಬ್ಬರೂ ನಗುತ್ತಲೇ ಪ್ಲಾಟ್‌ಫಾರಂಗೆ ನಡೆದೆವು. ನನ್ನ ರೈಲು ಆಗಲೇ ಬಂದು ನಿಂತಿತ್ತು.

"ನಿಮ್ಮ ಕ್ಲಾಸು," ಎಂದರು.

"ಇವತ್ತು ಮುಂದಿನ ರೈಲಿಗೆ ಹೋಗ್ತೀನಿ."

ಅವರು ಅಂಗಿಯ ತೋಳನ್ನು ಎಳೆದು ಸರಿಮಾಡಿಕೊಂಡರು. "ನಿಮ್ಮಣ್ಣನ ಅಂಗಡಿಗೆ ಯಾವತ್ತು ಬರ್ಲಿ?"

"ಕನ್ನಡಕಕ್ಕಾ?"

"ಅಲ್ಲ. ಅವರನ್ನ ಒಂದು ಮಾತು ಕೇಳೋಕೆ."

"ಅಣ್ಣ ಮದುವೆಯಾಗಿ ಇಪ್ಪತ್ತು ವರ್ಷವಾಯ್ತು," ಎಂದೆ. "ನನ್ನನ್ನ ಕೇಳಿ."

ಅವರು ಬಾಯಿ ತೆರೆದರು. ಅಷ್ಟರಲ್ಲಿ ರೈಲು ಹಾರ್ನ್ ಹೊಡೆದು ಹೊರಟಿತು. ಒಂದೊಂದೇ ಬೋಗಿ ಗಡಗಡ ಹಾದುಹೋಗುತ್ತಿರಲು ಅವರು ಕೇಳುತ್ತಲೇ ಇದ್ದರು, ಕೈ ಆಡಿಸುತ್ತ, ಕಿವಿಯಿಂದ ಕತ್ತಿನವರೆಗೂ ಕೆಂಪಾಗಿ. ಒಂದಕ್ಷರ ಕೇಳಿಸಲಿಲ್ಲ. ಆ ಮುಖ ನೋಡಿದೆ, ಸಾಕಾಯಿತು.

"ಹೂಂ," ಎಂದೆ.

ಅದು ಅವರಿಗೆ ಕೇಳಿಸಲಿಲ್ಲ. ಕೈಯನ್ನು ಕಿವಿಗೆ ಹಿಡಿದು ಬಗ್ಗಿದರು.

"ಹೂಂ ಅಂದೆ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅಷ್ಟರಲ್ಲಿ ಕೊನೆಯ ಬೋಗಿ ದಾಟಿಹೋಗಿ ಪ್ಲಾಟ್‌ಫಾರಂ ನಿಶ್ಶಬ್ದವಾಗಿತ್ತು. ಇದ್ದವರೆಲ್ಲ ತಿರುಗಿ ನೋಡಿದರು.

ನೋಡಲಿ ಎಂದು ಇನ್ನೊಮ್ಮೆ ಹೇಳಿದೆ.