ಟಿಕೆಟಿನ ಹಿಂದಿನ ‘ಬಾರೆ’

“ಬಿಡಬ್ಯಾಡ್ರೀ... ಬಿದ್ದೆ, ಬಿದ್ದೆ!”

ಗದ್ದೆಮ್ಮ ಕಣ್ಣು ಮುಚ್ಚಿ ಕಿರುಚಿದಳು. ತೊಳೆದ ನೆಲದ ಮೇಲೆ ಕಾಲು ಜಾರಿತ್ತು. ಕೈಗೆ ಸಿಕ್ಕ ಉದ್ದನೆಯ ಮರದ ಕೋಲನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದಳು.

“ನಾ ಬಿಡಂಗಿಲ್ಲ. ನೀವು ಮೊದಲ ಕಣ್ಣು ತೆಗೀರಿ” ಎಂದಿತು ಒಂದು ಗಂಡು ದನಿ.

ಕಣ್ಣು ತೆರೆದಳು. ಅಯ್ಯೋ ಶಿವನೇ! ಆ ಕೋಲನ್ನು ಇನ್ನೂ ಗೋಡೆಗೆ ಬಡಿದೇ ಇರಲಿಲ್ಲ. ಅದರ ಇನ್ನೊಂದು ತುದಿ ಇದ್ದದ್ದು ಕಾಲುವೆಯ ತೂಬುಗಳಿಗೆ ಹಲಗೆ ಮಾಡುವ ಬಡಗಿ ವೆಂಕೋಬನ ಹೆಗಲ ಮೇಲೆ! ಅವಳ ಭಾರಕ್ಕೆ ಅವನೂ ವಾಲಿದ್ದ. ಆದರೂ ಬಿಟ್ಟಿರಲಿಲ್ಲ.

ನಾಚಿಕೆಯಿಂದ ಅವಳ ಕಿವಿ ಕೆಂಪಾದವು. ಅವನು ನಕ್ಕ. ಆ ನಗುವಿನಲ್ಲಿ ಕುಚೋದ್ಯವಿರಲಿಲ್ಲ. ಅಷ್ಟೇ ಸಾಕಾಯಿತು ನೋಡಿ!

ಅದು ಅರವತ್ತೊಂಬತ್ತನೆಯ ಇಸವಿ. ಸಿಂಧನೂರಿನ ಕಾಲುವೆ ಕಾಲನಿಯಲ್ಲಿ ಖಾಲಿ ಬಿದ್ದಿದ್ದ ಸಿಮೆಂಟ್ ಗೋದಾಮಿಗೆ ಪರದೆ ಕಟ್ಟಿಸಿ, ಓವರ್‌ಸಿಯರ್ ಬಾಬುಸಾಬ್‌ನ ಹೆಂಡತಿ ಗುಲ್ಷನ್‌ಬೀ ಹೆಣ್ಣುಮಕ್ಕಳಿಗೆ ಕಸರತ್ತು ಕಲಿಸುತ್ತಿದ್ದಳು. ಸಿಕಂದರಾಬಾದಿನ ಶಾಲೆಯಲ್ಲಿ ಅವಳಿಗೆ ಪರದೇಶದ ಟೀಚರಮ್ಮ ಒಬ್ಬಳು ಬ್ಯಾಲೆ ಕುಣಿತದ ಪಾಠ ಹೇಳಿದ್ದಳಂತೆ. ಗೋಡೆಯ ಕೋಲು ಹಿಡಿದು ಮೊಣಕಾಲು ಬಗ್ಗಿಸುವುದು, ಹಿಮ್ಮಡಿ ಎತ್ತುವುದು, ಒಂದು ಕಾಲನ್ನು ಮೆಲ್ಲಗೆ ಮುಂದಕ್ಕೆ ಚಾಚುವುದು... ಗದ್ದೆಯಲ್ಲಿ ನೆಲ್ಲು ಹಚ್ಚಲು ಬಗ್ಗಿ ಬಗ್ಗಿ ಸೊಂಟ ಬಿದ್ದವರು, ಹಡೆದು ಮೈ ಬಂದವರು, ಏನೂ ಬಾರದವರು, ಯಾರು ಬಂದರೂ ಸೈ.

ಗುಲ್ಷನ್‌ಬೀ ಆ ಕೋಲಿಗೆ ‘ಬಾರ್’ ಎನ್ನುತ್ತಿದ್ದಳು. ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಅದು ‘ಬಾರೆ’ ಆಯಿತು. ಕೋಲೂ ಬಾರೆ, ಕ್ಲಾಸೂ ಬಾರೆ, ಗೋದಾಮೂ ಬಾರೆ!

ಗದ್ದೆಮ್ಮ ಅಲ್ಲಿಗೆ ಬಂದದ್ದು ಮೈ ಇಳಿಸಲಿಕ್ಕಲ್ಲ. ಹಿಂದಿನ ವರ್ಷ ಕಾಲುವೆ ದಾಟುವ ಹಲಗೆಯಿಂದ ಬಿದ್ದು ಬಲಗಾಲಿನ ಕೀಲು ಮುರಿದಿತ್ತು. ಎಲುಬು ಕೂಡಿತು, ಕುಂಟು ಉಳಿಯಿತು. ಲಿಂಗಸುಗೂರಿನಿಂದ ಹೆಣ್ಣು ನೋಡಲು ಬಂದವರು, “ಒಂದೀಟು ನಡದು ತೋರ್ಸವ್ವ” ಎಂದಿದ್ದರು. ಒಲೆಯಿಂದ ಬಾಗಿಲಿಗೆ ಏಳು ಹೆಜ್ಜೆ. ಐದನೆಯದಕ್ಕೇ ಅವರು ಚಹಾ ಕೆಳಗಿಟ್ಟಿದ್ದರು. ಆ ಸದ್ದು ಇನ್ನೂ ಅವಳ ಎದೆಯಲ್ಲಿತ್ತು.

ಮೂರು ತಿಂಗಳು ಕಳೆಯಿತು. ಕೋಲಿನ ಸ್ಕ್ರೂ ಬಿಗಿಮಾಡುವ ನೆಪದಲ್ಲಿ ವೆಂಕೋಬ ವಾರವಾರ ಬರುತ್ತಿದ್ದ. ಯಾವ ಸ್ಕ್ರೂ ಅಷ್ಟು ಸಡಿಲಾಗುತ್ತದೆ, ನೀವೇ ಹೇಳಿ! ಗುಲ್ಷನ್‌ಬೀಯೇ ಮಾತು ಎತ್ತಿದಳು. ಕುಲ ಕೂಡಿತು. ಸೋಮವಾರ ಅವನು ಮಸ್ಕಿಯಲ್ಲಿದ್ದ ತಾಯಿಯನ್ನು ಕರೆದುಕೊಂಡು ಹೆಣ್ಣು ನೋಡಲು ಮನೆಗೆ ಬರುವುದೆಂದಾಯಿತು.

ಅಂದಿನಿಂದ ಗದ್ದೆಮ್ಮನಿಗೆ ನಿದ್ದೆಯಿಲ್ಲ, ಊಟ ಸೇರದು. ‘ಮತ್ತ ಏಳು ಹೆಜ್ಜಿ... ಈ ಸಲಾನೂ ಕಾಲು ಕೈಕೊಟ್ರ? ಅವರ ಮುಂದನ ಕುಂಟಿದ್ರ?’

ಶನಿವಾರ ಕ್ಲಾಸು ಮುಗಿದು ಎಲ್ಲರೂ ಹೋದರು. ಅವಳು ಉಳಿದಳು.

“ಗರ್ದನ್ ಸೀದಾ, ಕುತ್ತಿಗಿ ನೆಟ್ಟಗ! ಹೊಟ್ಟಿ ಒಳಗ! ಸಾಕು ಬೇಟಿ, ಕಾಲು ಬಾತೈತಿ” ಎಂದಳು ಗುಲ್ಷನ್‌ಬೀ.

“ಒಂದ ಸಲ ರೀ ಬೀಬಿ... ಕೋಲು ಬಿಟ್ಟು ನಡೀತೀನಿ.”

ಬಿಟ್ಟಳು. ಒಂದು, ಎರಡು, ಮೂರು... ನಾಲ್ಕಕ್ಕೆ ಕೀಲು ಮಡಚಿ ಧಪ್ಪೆಂದು ಬಿದ್ದಳು. ತಲೆಯೆತ್ತಿದರೆ, ಬಾಗಿಲಲ್ಲಿ ವೆಂಕೋಬ!

ಅವನ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಉಳಿಯನ್ನು ಅಲ್ಲೇ ಇಟ್ಟು, ತಿರುಗಿ ಹೊರಟೇಹೋದ.

ಗದ್ದೆಮ್ಮ ನೆಲಕ್ಕೆ ಕೈಯೂರಿ ಎದ್ದಳು. ‘ನೋಡಿಬಿಟ್ಟ... ಎಲ್ಲಾ ಮುಗೀತು!’

ಭಾನುವಾರ ಸಂಜೆ ಮಸ್ಕಿ ಬಸ್ಸಿನ ಕಂಡಕ್ಟರ್ ಮೌಲಾಸಾಬ್ ಮನೆ ಮುಂದೆ ನಿಂತ. “ವೆಂಕೋಬ ಕೊಟ್ಟಾನವ್ವ” ಎಂದು ಒಂದು ಟಿಕೆಟು ಕೊಟ್ಟು ಓಡಿದ. ಹಿಂದೆ ಪೆನ್ಸಿಲಿನಲ್ಲಿ ಗೀಚಿದ ಎರಡು ಸಾಲು.

“ಏನ್ ಬರದಾನ, ಜೋರಾಗಿ ಓದ” ಎಂದಳು ಅತ್ತೆ ಮುದುಕಮ್ಮ. ತಾಯಿಯಿಲ್ಲದ ಗದ್ದೆಮ್ಮನನ್ನು ಮುಕ್ಕುಂದದಿಂದ ತಂದು ಸಾಕಿದ ಸೋದರತ್ತೆ ಆಕೆ.

“ಸೋಮವಾರ ಮನಿಗೆ ಅಲ್ಲ. ಬಾರೆ. ಅಷ್ಟ ಐತಿ ಅತ್ತಿ...”

ಮುದುಕಮ್ಮ ಎದೆಗೆ ಕೈಯಿಟ್ಟುಕೊಂಡಳು. ಶ್ರಾವಣದಲ್ಲಿ ಒಂದು ದಿನವೂ ಪುರಾಣ ತಪ್ಪಿಸದವಳು ಆಕೆ. “ಬಾರೆ ಅಂದ್ರ ಬರಂಗಿಲ್ಲ ಅಂತ ಅರ್ಥ ಮಗಳ! ಶಾಸ್ತ್ರಿಗಳು ಹೇಳ್ತಿದ್ದಿಲ್ಲೇನು, ‘ನಾ ಬಾರೆ, ನಾ ಒಲ್ಲೆ’ ಅಂತ? ಮನಿಗೆ ಬರಂಗಿಲ್ಲ ಅಂತ ಬರದು ಕಳಿಸ್ಯಾನ!”

ಬರುವುದಿಲ್ಲ... ಶನಿವಾರ ಅವನು ಬೆನ್ನು ತಿರುಗಿಸಿ ಹೋದದ್ದನ್ನು ಕಂಡವಳಿಗೆ ಬೇರೆ ಅರ್ಥ ಹೊಳೆಯಲೇ ಇಲ್ಲ.

ಗದ್ದೆಮ್ಮ ಅಳಲಿಲ್ಲ. ಗೋಡೆ ಹಿಡಿದು ಕೂತಳು. ‘ಮುಖ ನೋಡಿ ಹೇಳಾಕ ಬಾಯಿ ಇದ್ದಿಲ್ಲೇನು? ನಾ ಬಿಡಂಗಿಲ್ಲ ಅಂದಿದ್ದ... ಎಷ್ಟು ಸುಳ್ಳ!’

ಸೋಮವಾರ ಮಧ್ಯಾಹ್ನ ಮೂರಾಯಿತು. ಕ್ಲಾಸಿನ ಹೊತ್ತು. ಹೋಗಬಾರದು ಎಂದುಕೊಂಡಳು. ನಾಲ್ಕಾಯಿತು, ಕ್ಲಾಸು ಮುಗಿದಿರಬೇಕು. ಅಷ್ಟರಲ್ಲಿ ದುಃಖವೆಲ್ಲ ಸಿಟ್ಟಾಗಿತ್ತು. ಅವನ ಉಳಿ ಅಲ್ಲೇ ಇರಬೇಕಲ್ಲ! ಅದನ್ನು ಬೀಬಿಯ ಕೈಗೆ ಕೊಟ್ಟು, ‘ಅವರಿಗೆ ಮುಟ್ಟಿಸ್ರಿ, ನಾ ಇನ್ನ ಬರಂಗಿಲ್ಲ’ ಎಂದು ಹೇಳಿಬಿಡಬೇಕು. ಟಿಕೆಟನ್ನು ಸೆರಗಿಗೆ ಕಟ್ಟಿಕೊಂಡು ಕುಂಟುತ್ತಲೇ ಹೊರಟಳು.

ಗೋದಾಮಿನ ಪರದೆ ಸರಿಸಿದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

ಒಳಗೆ ಯಾರೋ ಮುದುಕಿ, ಕಚ್ಚೆ ಸೀರೆ, ಹಣೆ ತುಂಬ ವಿಭೂತಿ, ಕೋಲು ಹಿಡಿದು ಮೊಣಕಾಲು ಬಗ್ಗಿಸುತ್ತಿದ್ದಳು! ಪಕ್ಕದಲ್ಲಿ ಗುಲ್ಷನ್‌ಬೀ, “ಶಾಬಾಸ್ ಕರೆಮ್ಮ, ಇನ್ನೂ ಒಂದ!” ಎನ್ನುತ್ತಿದ್ದಳು. ಆಚೆ ಗೋಡೆಯ ಹತ್ತಿರ ವೆಂಕೋಬ.

“ಬಂದ್ಯಾ ನಮ್ಮವ್ವ?” ಎಂದಳು ಮುದುಕಿ ಏದುಸಿರು ಬಿಡುತ್ತ. “ನಾ ವೆಂಕೋಬನ ತಾಯಿ. ಮೂರು ಗಂಟಿಯಿಂದ ಕಾಯಾಕತ್ತೀವಿ. ಈ ಬೀಬಿ ನನ್ನ ಮೊಳಕಾಲು ಮುರದು ಕೈಗೆ ಕೊಡ್ತಾಳ ನೋಡು!”

ಗದ್ದೆಮ್ಮನಿಗೆ ಏನೂ ತಿಳಿಯಲಿಲ್ಲ.

“ಬರಂಗಿಲ್ಲ ಅಂತ ಬರದು... ಮತ್ತ ಯಾಕ ಬಂದೀರಿ?”

“ನಾನಾ? ಬರಂಗಿಲ್ಲ ಅಂತ ಯಾವಾಗ ಬರದೆ?” ವೆಂಕೋಬ ಬೆಚ್ಚಿದ.

ಅವಳು ಸೆರಗಿನ ಗಂಟು ಬಿಚ್ಚಿ ಟಿಕೆಟು ತೋರಿಸಿದಳು. “ಇಲ್ಲಿ ನೋಡ್ರಿ! ಬಾರೆ!”

“ಅಯ್ಯ! ಬಾರೆ ಅಂದ್ರ ಈ ಬಾರೆ!” ಅವನು ಗೋಡೆಯ ಕೋಲನ್ನು ಬಡಿದು ತೋರಿಸಿದ. “ಮನಿಗೆ ಅಲ್ಲ, ಬಾರೆಗೆ ಬರ್ತೀವಿ ಅಂತ. ಟಿಕೇಟಿನ ಮ್ಯಾಲ ಜಾಗ ಎಲ್ಲೈತಿ ಅಷ್ಟೆಲ್ಲಾ ಬರಿಯಾಕ?”

“ಯಾ ಅಲ್ಲಾ!” ಗುಲ್ಷನ್‌ಬೀ ಹಣೆ ಬಡಿದುಕೊಂಡಳು.

“ಹಂಗಾದ್ರ ಶನಿವಾರ... ನಾ ಬಿದ್ದಾಗ... ಮಾತಾಡದ ಹೋದ್ರಿ...”

ವೆಂಕೋಬ ತಲೆ ತಗ್ಗಿಸಿದ. “ನಮ್ಮ ಮುಂದ ನಡದು ತೋರ್ಸಾಕ ನೀ ಅಷ್ಟು ನೋವು ತಿನ್ನಾಕತ್ತಿದ್ದಿ. ಅದನ್ನ ನೋಡಿ ಕಣ್ಣಾಗ ನೀರು ಬಂತು. ಗಂಡಸು, ನಿನ್ನ ಮುಂದ ಹೆಂಗ ಅಳ್ಲಿ? ಸೀದಾ ಮಸ್ಕಿಗೆ ಹೋಗಿ ಅವ್ವಗ ಹೇಳಿದೆ.”

“ನಾನ ಅಂದೆ,” ಕರೆಮ್ಮ ಸೊಂಟ ನೆಟ್ಟಗೆ ಮಾಡಿದಳು, “ಹೆಣ್ಣನ್ನ ನಡಿಸಿ ನೋಡಾಕ ಅದೇನು ದನದ ಸಂತಿ ಏನಲೇ? ಅಕಿ ಮನಿಗೆ ಬ್ಯಾಡ, ಅಕಿ ಕಲಿಯೋ ಜಾಗಕ್ಕ ಹೋಗೂಣು. ನಂದೂ ಮೊಳಕಾಲು ಹಿಡದಾವ, ಇಬ್ರೂ ಕೂಡೇ ಕಲೀತೀವಿ ಅಂತ.”

ಗದ್ದೆಮ್ಮನ ಕಣ್ಣೀರು ಈಗ ಧಾರಾಕಾರವಾಗಿ ಹರಿಯಿತು. ಒಂದು ದಿನ, ಒಂದು ರಾತ್ರಿ ಎದೆಯೊಳಗೆ ಹಿಡಿದಿಟ್ಟಿದ್ದೆಲ್ಲ ಹೊರಬಂತು.

ವೆಂಕೋಬ ಅಲ್ಲೇ ನಿಂತು ಕೈ ಚಾಚಿದ. ಈ ಸಲ ಕೋಲಿರಲಿಲ್ಲ, ಬರಿಯ ಕೈ. ಮೆಲ್ಲಗೆ ಕರೆದ.

“ಬಾರೆ...”

ಗದ್ದೆಮ್ಮ ಚೌಕಟ್ಟು ಬಿಟ್ಟಳು. ನಡೆದು ತೋರಿಸು ಎಂದು ಯಾರೂ ಕೇಳಿರಲಿಲ್ಲ. ಒಂದು, ಎರಡು... ನಾಲ್ಕಕ್ಕೆ ಕೀಲು ಅಲುಗಿತು.

“ಹೋಗಿ ಹಿಡಿಯಲೋ!” ಕರೆಮ್ಮ ಕೂಗಿದಳು.

ಅವನು ಕದಲಲಿಲ್ಲ. “ಬರ್ತಾಳ, ತಡಿ ಅವ್ವಾ.”

ಐದು. ಆರು. ಕುಂಟುತ್ತಲೇ ಹೋದಳು, ಅದನ್ನು ಮುಚ್ಚಲು ಹೋಗಲಿಲ್ಲ. ಒಂಬತ್ತನೆಯ ಹೆಜ್ಜೆಗೆ ಅವನ ಕೈ ಸಿಕ್ಕಿತು.

“ನಾ ಬಿದ್ದಿದ್ರ?” ಪಿಸುಗುಟ್ಟಿದಳು.

“ಹಿಡೀತಿದ್ದೆ.”

“ಮತ್ತ ಯಾಕ ಮುಂದ ಬರಲಿಲ್ಲ?”

“ನೀ ಬರಾಕತ್ತಿದ್ದಿಯಲ್ಲ!”

ಅವಳು ಅಳುತ್ತಲೇ ನಕ್ಕಳು. “ಇನ್ನೊಮ್ಮೆ ಬರಿಯೂ ಮುಂದ ದೊಡ್ಡ ಕಾಗದ ತಗೋರಿ.”

“ಇನ್ನ ಬರಿಯಂಗ ಇಲ್ಲ” ಎಂದ ವೆಂಕೋಬ. “ಮನ್ಯಾಗ ಇರಾಕಿಗೆ ಕಾಗದ ಯಾಕ?”