ಕಬ್ಬಿಣಕ್ಕೆ ಕೊಟ್ಟ ಮೊದಲ ಉಸಿರು

ಆ ಕಾಲಕ್ಕೆ ನಮ್ಮ ಬೆಟ್ಟದೂರಿನ ಸಂತೆಯಲ್ಲಿ ಮದ್ದು ತುಂಬಿ ಗುಂಡು ಹಾರಿಸುವ ಒಂದು ಕೈಕೊಳವೆಯ ಬೆಲೆಗೆ ಹಾಲು ಕೊಡುವ ಒಂದು ಆಕಳು ಬರುತ್ತಿತ್ತು. ಕೊಳವೆಯಲ್ಲಿ ಕಬ್ಬಿಣಕ್ಕಿಂತ ಇದ್ದಲು ದುಬಾರಿ, ಇದ್ದಲಿಗಿಂತ ಕಮ್ಮಾರನ ಕಣ್ಣು ದುಬಾರಿ. ಕಾದ ಕಬ್ಬಿಣದ ಬಣ್ಣ ತಿಳಿಯಲೆಂದು ಹಗಲಲ್ಲೂ ಕಿಟಕಿ ಮುಚ್ಚಿ, ಆ ಕತ್ತಲೆಯಲ್ಲಿ ಬೆಂಕಿಯನ್ನೇ ನೋಡಿ ನೋಡಿ, ಗಡ್ಡ ನೆರೆಯುವ ಮೊದಲೇ ಕಮ್ಮಾರರು ಗೋಡೆ ತಡವಿಕೊಂಡು ನಡೆಯುತ್ತಿದ್ದರು. ಇಷ್ಟೆಲ್ಲ ತೆತ್ತ ಮೇಲೂ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದರೆ ಸಾಯುವವನು ಶತ್ರುವಲ್ಲ, ಹಿಡಿದವನು.

ಆ ಬಿರುಕಿನ ಭಯವೇ ಹಾವೆಲ್‌ನನ್ನು ದೊರೋತಾಳ ಕುಲುಮೆಗೆ ತಂದಿತ್ತು. ರಾಜನ ಮೇಲೆ ತಿರುಗಿಬಿದ್ದು, ಬಂಡಿಗಳನ್ನೇ ಗೋಡೆಯಂತೆ ನಿಲ್ಲಿಸಿ ಕಾದುವ ನಮ್ಮ ಬಂಡಿ ಸೈನ್ಯಕ್ಕೆ ಅವನು ಹೊಸದಾಗಿ ಪ್ರಾಗ್‌ನಿಂದ ಬಂದವನು. ಆಯುಧ ನೋಡಿ ಕೊಳ್ಳುವುದು ಅವನ ಕೆಲಸ. ರೊಟ್ಟಿ ಕೊಂಡರೆ ಮುರಿದು ಒಳಗೆ ಮೂಸುವನು, ಬಿಯರು ಕೊಟ್ಟರೆ ಮೊದಲು ಕೊಟ್ಟವರಿಗೇ ಕುಡಿಸುವನು. ಈ ಸಲವಂತೂ ಕೊಳವೆ ಹಿಡಿಯಬೇಕಾದವನು ಅವನ ತಮ್ಮ ಓಂದ್ರ. ತಾಯಿ ಸಾಯುವಾಗ ಕೈಗೆ ಕೈ ಇಟ್ಟು ಒಪ್ಪಿಸಿ ಹೋದ ತಮ್ಮ.

ಕುಲುಮೆಯೊಳಗೆ ಸುಟ್ಟ ಗೊರಸಿನ ವಾಸನೆ, ಹಳೆ ಬೆವರಿನ ವಾಸನೆ. ಕೆಂಡದ ಬೆಳಕಿನಲ್ಲಿ ದೊರೋತಾಳ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಗಂಡ ಸತ್ತ ಮೇಲೆ ಸುತ್ತಿಗೆ ಹಿಡಿದ ಹೆಂಗಸು. ಮೊಳದುದ್ದದ ಹೊಸ ನಳಿಗೆಯನ್ನು ಅವಳು ತಿದಿಯ ಮೂತಿಗೆ ಸಿಕ್ಕಿಸಿ, ನೀರಿನ ತೊಟ್ಟಿಯಲ್ಲಿ ಅದ್ದಿ ಗಾಳಿ ತುಂಬಲು ಹೊರಟಾಗ ಹಾವೆಲ್ ತಡೆದ.

"ಹಿಂಗಲ್ಲ ತಾಯಿ. ತಿದಿ ನಿಂದು, ತೊಟ್ಟಿ ನಿಂದು, ಕತ್ತಲೆನೂ ನಿಂದೇ. ಬಿರುಕು ಇದ್ರೆ ನಂಗೆ ಹೆಂಗೆ ಕಾಣ್ಬೇಕು? ಇಲ್ಲಿ ಕೊಡು, ನಾನೇ ಊದಿ ನೋಡ್ತೀನಿ."

ಅವಳ ಕೈ ನಿಂತುಹೋಯಿತು.

"ಬ್ಯಾಡ ಅಣ್ಣಾ. ಹೊಸ ನಳಿಗೆಗೆ ಬಾಯಿ ಇಡಬಾರ್ದು. ಮೊದಲನೇ ಉಸಿರು ತಿದೀದೇ ಆಗ್ಬೇಕು."

"ಯಾಕೆ?"

"ಮನುಷ್ಯನ ಉಸಿರಿನ ರುಚಿ ಹತ್ತಿದ್ರೆ ಮಿಕ್ಕಿದ್ದನ್ನೂ ಕೇಳುತ್ತೆ."

ಬಾಗಿಲಲ್ಲಿ ನಿಂತಿದ್ದ ಓಂದ್ರ ಕಿಸಕ್ಕನೆ ನಕ್ಕ. ಹಾವೆಲ್ ನಗಲಿಲ್ಲ. ಇದು ಬಿರುಕು ಮುಚ್ಚಿಡುವವರ ಕತೆ ಎಂದು ಅವನ ಲೆಕ್ಕ.

"ಸಂತರ ಮೂಳೆಗೆ ಅಡ್ಡಬೀಳಬೇಡಿ ಅಂತ ಊರೂರು ಸಾರೋರು ನಾವು. ಇನ್ನು ನಿನ್ನ ಕಬ್ಬಿಣಕ್ಕೆ ಹೆದರ್ಬೇಕಾ?" ಎಂದು ನಳಿಗೆ ಕಿತ್ತುಕೊಂಡ. ಹಿಂದುಗಡೆ ಬತ್ತಿ ಮುಟ್ಟಿಸುವ ತೂತನ್ನು ಬೆರಳಲ್ಲಿ ಒತ್ತಿ, ನಳಿಗೆಯನ್ನು ತೊಟ್ಟಿಯ ನೀರಲ್ಲಿ ಮುಳುಗಿಸಿ, ಅದರ ಬಾಯಿ ಮಾತ್ರ ನೀರಿನ ಮೇಲಿಟ್ಟುಕೊಂಡು ಕೆನ್ನೆ ಉಬ್ಬಿಸಿ ಊದಿದ. ಒಂದು ಗುಳ್ಳೆಯೂ ಏಳಲಿಲ್ಲ. ಬಿರುಕಿರಲಿಲ್ಲ. ಸಮಾಧಾನದಿಂದ ಮೇಲೆತ್ತಿ ಬೆರಳು ತೆಗೆದ. ಒಳಗಿದ್ದ ಗಾಳಿ ತೂತಿನಿಂದ ಹೊರಗೆ ನುಗ್ಗಿ ಸಿಳ್ಳೆ ಹಾಕಿತು. ತೆಳ್ಳನೆಯ, ಉದ್ದನೆಯ ಸಿಳ್ಳೆ. ಅವನು ಊದಿದ್ದಕ್ಕಿಂತ ಹೆಚ್ಚು ಹೊತ್ತು ಅದು ಕೇಳಿಸುತ್ತಲೇ ಇತ್ತು.

"ನೋಡ್ರೋ, ನಮ್ಮಣ್ಣ ಆಕಳು ಕೊಟ್ಟು ಪೀಪಿ ತಗೊಂಡ!" ಎಂದು ಓಂದ್ರ ಹೊಟ್ಟೆ ಹಿಡಿದುಕೊಂಡ. ನಮ್ಮ ಮಾತಲ್ಲಿ ಪೀಪಿಗೆ ಪೀಶ್ತಲಾ ಅನ್ನುತ್ತೇವೆ. ಆ ಸಂಜೆಯೊಳಗೆ ಬೆಟ್ಟದ ಮೇಲೆ ಬೀಡುಬಿಟ್ಟಿದ್ದ ಬಂಡಿಸಾಲಿಗೆಲ್ಲ ಆ ಹೆಸರು ಹಬ್ಬಿತ್ತು. ಅದುವರೆಗೆ ಕೊಳವೆ, ನಳಿಗೆ, ಬೆಂಕಿಕೋಲು ಎಂದು ಬಾಯಿಗೆ ಬಂದದ್ದು ಕರೆಯುತ್ತಿದ್ದವರೆಲ್ಲ, "ನಿನ್ನ ಪೀಶ್ತಲಾ ಎಲ್ಲೋ? ಮದ್ದು ಒದ್ದೆಯಾದೀತು" ಎನ್ನತೊಡಗಿದರು.

ಕುಲುಮೆಯಲ್ಲಿ ದೊರೋತಾ ಮಾತ್ರ ನಕ್ಕಿರಲಿಲ್ಲ. ಹೋಗುವಾಗ ಅವಳು ಕೊಟ್ಟ ಬಿಯರನ್ನು ಹಾವೆಲ್ ಅವಸರದಲ್ಲಿ ಪರೀಕ್ಷೆ ಮಾಡದೆ ಕುಡಿದುಬಿಟ್ಟಿದ್ದ.

ಆ ಬಿಯರು ಅವನಿಗೆ ಮತ್ತೆ ನೆನಪಾದದ್ದು ಓಂದ್ರ ಮೊದಲ ಗುಂಡು ಹಾರಿಸಿದಾಗ. ಬೈಲಿನಲ್ಲಿ ಹಲಗೆ ನಿಲ್ಲಿಸಿ ಪರೀಕ್ಷೆ ನಡೆದಿತ್ತು. ಢಂ ಎಂದಿತು. ಹಲಗೆ ಸೀಳಿತು. ಎಲ್ಲರೂ ಕೂಗಿದರು. ದೂರದಲ್ಲಿ ಬಟಾಣಿ ಗಂಜಿ ಕುಡಿಯುತ್ತಿದ್ದ ಹಾವೆಲ್‌ನ ಕೈಯಿಂದ ಬಟ್ಟಲು ಬಿತ್ತು. ಉಸಿರು ಒಳಗೆ ಹೋಗಲಿಲ್ಲ. ಗಂಟಲ ತುಂಬ ಗಂಧಕದ ವಾಸನೆ, ನಾಲಿಗೆಯ ಮೇಲೆ ಕಬ್ಬಿಣದ ರುಚಿ. ಆಮೇಲೆ ಉಸಿರು ಬಂತು, ಆದರೆ ಪೂರ್ತಿ ಬರಲಿಲ್ಲ. ಓಂದ್ರ ಮತ್ತೆ ಹಾರಿಸಿದ. ಹಾವೆಲ್ ಮೊಣಕಾಲೂರಿದ.

"ಏನಾಯ್ತೋ ಅಣ್ಣಾ?"

"ಬಟಾಣಿ ನೆತ್ತಿಗೇರ್ತು" ಎಂದ.

ಮರುದಿನ ಬೆಳಿಗ್ಗೆ ಮೈ ಕೊರೆಯುವ ಚಳಿ. ಕಾವಲಿನವರು ಬೆಂಕಿಯ ಸುತ್ತ ಕೂತು ಹರಟುತ್ತಿದ್ದರು. ಒಬ್ಬೊಬ್ಬನ ಬಾಯಿಂದಲೂ ಹಬೆ ಏಳುತ್ತಿತ್ತು. ಕುದುರೆಗಳ ಮೂಗಿಂದ ಹಬೆ. ನಾಯಿಯ ಬಾಯಿಂದ ಹಬೆ. ಹಾವೆಲ್ ಬಾಯಿ ತೆರೆದು ಗಾಳಿ ಬಿಟ್ಟ. ಏನೂ ಕಾಣಲಿಲ್ಲ. ಅಂಗೈ ಬಾಯಿಗೆ ಹಿಡಿದ. ಅಂಗೈಗೆ ತಾಗಿದ ಗಾಳಿ ನೆಲಮಾಳಿಗೆಯ ಗಾಳಿಯಂತೆ ತಣ್ಣಗಿತ್ತು.

ಆ ಹೆಂಗಸು ಮದ್ದು ಹಾಕಿದ್ದಾಳೆ. ಮಾಟ ಮಾಡಿದ್ದಾಳೆ. ರಾಜನ ಕಡೆಯವಳೇ ಇರಬೇಕು. ಕೊಳವೆಯನ್ನು ಯಾರೂ ಮುಟ್ಟಕೂಡದೆಂದು ತಮ್ಮನಿಗೆ ಹೇಳಿ, ಯಾಕೆಂದು ಹೇಳದೆ, ಸೊಂಟಕ್ಕೆ ಚೂರಿ ಸಿಕ್ಕಿಸಿಕೊಂಡು ಹಾವೆಲ್ ಬೆಟ್ಟ ಇಳಿದ. ಹೇಳಿದ್ದರೆ ನಗೆಗೀಡಾಗುತ್ತಿದ್ದ, ಅದಕ್ಕೇ ಹೇಳಲಿಲ್ಲ.

ಮಂಜು ಕುಲುಮೆಯ ಬಾಗಿಲವರೆಗೂ ಬಂದಿತ್ತು. ಒಳಗೆ ಎಂದಿನ ಕತ್ತಲೆ. ಅವನು ಹಿರಿದ ಚೂರಿ ಕಂಡರೂ ದೊರೋತಾ ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ.

"ಬಿಯರಲ್ಲಿ ಏನು ಹಾಕಿದ್ದೆ?"

"ಬಾರ್ಲಿ."

"ತಮಾಷೆ ಬೇಡ. ನೀನು ಮಾಟಗಾತಿ."

"ಮಾಟ ಗೊತ್ತಿದ್ದಿದ್ರೆ ನನ್ನ ಗಂಡನ್ನ ಉಳಿಸ್ಕೋತಿರ್ಲಿಲ್ವಾ?" ಎಂದಳು ಅವಳು, ಕೆಂಡ ನೋಡುತ್ತಲೇ. "ಅವನೂ ನಿನ್ನ ಹಾಗೇ. ತಿದಿ ಹರಿದಿತ್ತು, ಒಂದೇ ಒಂದ್ಸಲ ಅಂತ ಬಾಯಲ್ಲಿ ಊದಿದ. ಆ ಕೊಳವೆ ಕೊಂಡೋನು ಕೋಟೆ ಮೇಲೆ ನಿಂತು ದಿನಾ ಹಾರಿಸ್ದ. ಇವನು ಇಲ್ಲಿ ದಿನಾ ಸತ್ತ."

ಹಾವೆಲ್‌ನ ಚೂರಿ ತಗ್ಗಿತು. "ಬಿಡಿಸಿಕೊಳ್ಳೋ ದಾರಿ?"

"ಅದನ್ನ ಇಲ್ಲಿಗೆ ತಗೊಂಬಾ. ಕಾಯಿಸಿ ಬಾಯಿ ಬಡಿದು ಮುಚ್ತೀನಿ. ಉಳಿದಷ್ಟು ಉಸಿರು ನಿಂಗುಳಿಯುತ್ತೆ." ಅವಳು ಮನಸ್ಸಿಲ್ಲದೆ ಮೆಲ್ಲಗೆ ಸೇರಿಸಿದಳು: "ಇಲ್ಲಾಂದ್ರೆ ಇನ್ನೊಬ್ಬ ಊದ್ಬೇಕು. ಅದು ಹಳಬನ್ನ ಬಿಟ್ಟು ಹೊಸಬನ್ನ ಹಿಡ್ಕೊಳ್ಳುತ್ತೆ. ನನ್ನ ಗಂಡ ಅದಕ್ಕೆ ಒಪ್ಪಲಿಲ್ಲ."

ಇದೂ ಸುಳ್ಳಿರಬಹುದೇ? ಕೊಳವೆ ವಾಪಸು ಪಡೆಯುವ ಉಪಾಯವಿರಬಹುದೇ? ಹಾಗೆ ಯೋಚಿಸುತ್ತಲೇ ಹಾವೆಲ್ ಬೆಟ್ಟ ಹತ್ತತೊಡಗಿದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಟ್ಟ.

ಅರ್ಧ ದಾರಿಯಲ್ಲಿ ಎದೆ ತಟ್ಟನೆ ತೆರೆದುಕೊಂಡಿತು. ಯಾರೋ ಎದೆಗೆ ಬಿಗಿದ ಹಗ್ಗ ಕೊಯ್ದ ಹಾಗೆ. ಬೆಚ್ಚಗಿನ ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಕಣ್ಣೆದುರೇ ಬೆಳ್ಳಗಿನ ಹಬೆ! ಹಾವೆಲ್ ಜೋರಾಗಿ ನಕ್ಕ. ಇನ್ನೊಮ್ಮೆ ಊದಿದ. ಇನ್ನೊಂದು ಹಬೆಯ ಉಂಡೆ.

ಆಮೇಲೆ ನಗು ನಿಂತಿತು.

ಯಾರೋ ಊದಿದ್ದಾರೆ.

ಕೊಳವೆ ಯಾರ ಹತ್ತಿರ ಇದೆ?

ಅಣ್ಣನಂತೆ ಕೆನ್ನೆ ಉಬ್ಬಿಸಿ ತೋರಿಸಿ ಜೊತೆಯವರನ್ನು ನಗಿಸುವವನು ಯಾರು?

ಮೇಲೆ ನಗಾರಿ ಮೊಳಗಿತು. ರಾಜನ ಕುದುರೆಗಳು ಬಂದಿದ್ದವು.

ಹಾವೆಲ್ ಓಡಿದ. ಮಂಜು. ಕಲ್ಲು. ಜಾರಿದ, ಎದ್ದ. ಬಂಡಿಗಳ ಗೋಡೆ ಕಂಡಿತು. ಢಂ. ಯಾರದ್ದು? ತಿಳಿಯಲಿಲ್ಲ. ಢಂ. ಢಂ. ಹೊಗೆಯಲ್ಲಿ ಮುಖಗಳಿಲ್ಲ, ಕೆಮ್ಮು ಮಾತ್ರ. "ಓಂದ್ರಾ!" ಬಂಡಿಯ ಹಲಗೆಗೆ ಆತುಕೊಂಡು ತಮ್ಮ ನಿಂತಿದ್ದ. ತುಟಿ ನೀಲಿ. ಚಳಿಯಲ್ಲಿ ಬಾಯಿ ತೆರೆದಿತ್ತು. ಹಬೆ ಇರಲಿಲ್ಲ.

"ಯಾಕೋ... ಉಸಿರೇ... ಸಾಲ್ತಿಲ್ಲ ಅಣ್ಣಾ..." ಎಂದ. ಆದರೂ ಕೈ ಬಿಡಲಿಲ್ಲ. ಕೊಳವೆಯ ಒಳಗೆ ಒರೆಸಿ ಮುಗಿದಿತ್ತು, ಮದ್ದಿನ ಕೊಂಬಿಗೆ ಕೈ ಹೋಗುತ್ತಿತ್ತು.

ಒಲೆ ಹೊತ್ತಿಸಿ ಬಡಿದು ಮುಚ್ಚುವಷ್ಟು ಹೊತ್ತಿರಲಿಲ್ಲ. ಹಾವೆಲ್ ಕೊಳವೆ ಹಿಡಿದೆಳೆದ. ಓಂದ್ರ ಬಿಡಲಿಲ್ಲ. "ಬಂದ್ರು ಕಣೋ! ಬಿಡು! ಹುಚ್ಚು ಹಿಡೀತಾ ನಿಂಗೆ?" ಹಾವೆಲ್ ಅವನ ಮುಖಕ್ಕೆ ಗುದ್ದಿದ. ಕಿತ್ತುಕೊಂಡ. ಬಿಸಿ ಕಬ್ಬಿಣಕ್ಕೆ ಬಾಯಿ ಇಟ್ಟ. ತುಟಿ ಚರ್ರೆಂದಿತು. ಎದೆಯಲ್ಲಿದ್ದದ್ದನ್ನೆಲ್ಲ ಊದಿದ.

ಸಿಳ್ಳೆ ಕೇಳಿಸಿತು. ಅಷ್ಟು ಗದ್ದಲದಲ್ಲೂ ಕೇಳಿಸಿತು. ಓಂದ್ರ ದೀರ್ಘವಾಗಿ ಉಸಿರೆಳೆದ. ಅವನ ಬಾಯಿಂದ ಬಿಳಿ ಹಬೆ ಬಂತು.

"ದ್ರೋಹಿ ನನ್ ಮಗ್ನೇ!" ಬಂಡಿಯ ಯಜಮಾನ ಕೊಳವೆ ಕಸಿದುಕೊಂಡ. ಮದ್ದು ತುಂಬಿದ. ಬತ್ತಿ ಮುಟ್ಟಿಸಿದ. ಒಮ್ಮೆ. ಮತ್ತೊಮ್ಮೆ. ಮತ್ತೂ ಒಮ್ಮೆ. ಹಾವೆಲ್ ನೆಲದ ಮೇಲೆ ಮೀನಿನಂತೆ ಬಾಯಿ ಬಿಡುತ್ತಿದ್ದ. ಮೊದಲು ಶಬ್ದ ಹೋಯಿತು. ಆಮೇಲೆ ಬೆಳಕು.

ಕಣ್ಣು ತೆರೆದಾಗ ಯುದ್ಧ ಗೆದ್ದಾಗಿತ್ತು. ರಾಜನ ಕುದುರೆಗಳು ಹಿಮ್ಮೆಟ್ಟಿದ್ದವು. ಓಂದ್ರ ಪಕ್ಕದಲ್ಲಿ ನಿಂತಿದ್ದ, ಒಡೆದ ಮೂಗು ಒರೆಸಿಕೊಳ್ಳುತ್ತ.

"ಅವರು ಬಂಡಿ ಹತ್ರ ಬಂದಾಗಲೇ ಕಿತ್ಕೊಂಡೆಯಲ್ಲ" ಎಂದ ಅವನು, ತಣ್ಣಗೆ. "ಬೆಳಿಗ್ಗೆ ಎಲ್ಲಿಗೆ ಅಂತ ಹೇಳದೆ ಬೆಟ್ಟ ಇಳಿದು ಹೋಗಿದ್ದೆ. ಯಾರನ್ನ ನೋಡೋಕೆ ಹೋಗಿದ್ದೆ ಅಣ್ಣಾ? ಎಷ್ಟು ಕೊಟ್ರು?"

ಹಾವೆಲ್ ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಕೈಯಿಂದ ಕೊಳವೆ ತೋರಿಸಿದ, ತನ್ನ ಎದೆ ಮುಟ್ಟಿದ, ತಮ್ಮನ ಎದೆ ಮುಟ್ಟಲು ಹೋದ. ಓಂದ್ರ ಹಿಂದೆ ಸರಿದ.

"ಅಮ್ಮನ ಮುಖ ನೋಡಿ ಸುಮ್ನಿದ್ದೀನಿ. ಯಜಮಾನರನ್ನೂ ಬೇಡಿಕೊಂಡಿದ್ದೀನಿ. ಇನ್ನು ನನ್ನ ಕಣ್ಣಿಗೆ ಬೀಳ್ಬೇಡ."

ಆ ಸಂಜೆ ಯಾರೂ ನೋಡದಾಗ ಹಾವೆಲ್ ಕೊಳವೆಯನ್ನು ಕದ್ದು ಕುಲುಮೆಗೆ ಒಯ್ದ. ದೊರೋತಾ ಅವನ ಸುಟ್ಟ ತುಟಿ ನೋಡಿದಳು. ಕಾಯಿಸಿದಳು, ಬಡಿದಳು. ಪ್ರತಿ ಪೆಟ್ಟಿಗೂ ಕಬ್ಬಿಣ ಮಗುವಿನಂತೆ ಕುಂಯ್‌ಗುಟ್ಟಿತು. ಬಾಯಿ ಮುಚ್ಚಿದ ಮೇಲೆ ಸುಮ್ಮನಾಯಿತು. ಕದ್ದದ್ದು ಬೆಳಗಾಗುವುದರೊಳಗೆ ಬಂಡಿಸಾಲಿಗೆಲ್ಲ ಗೊತ್ತಾಯಿತು, ದ್ರೋಹದ ಮಾತಿಗೆ ಆ ಕಳವೇ ಸಾಕ್ಷಿಯಾಯಿತು.

ಓಂದ್ರ ಮದುವೆಯಾದ, ಮಕ್ಕಳಾದವು, ಮುದುಕನಾಗಿ ಹಾಸಿಗೆಯಲ್ಲಿ ಸತ್ತ. ಹಾವೆಲ್‌ಗೆ ಉಳಿದದ್ದು ತಿದಿ ಒತ್ತುವಷ್ಟು ಉಸಿರು. ಆ ಕುಲುಮೆಯಲ್ಲೇ ಒತ್ತುತ್ತ ಉಳಿದ. ತಮ್ಮನ ಜೀವ ದಕ್ಕಿತು. ದನಿ ಹೋಯಿತು, ಹೆಸರು ಹೋಯಿತು, ತಮ್ಮನೂ ಹೋದ.