ಎರಡು ಸಲ ಹೋದ ಗ್ರೇಡ್ ಚೀಟಿ

"ಟೀಚರೇ, ಧಣಿಗಳು ಎಲ್ಲರೆದುರು ನನ್ನನ್ನ ಮೋಸಗಾರ್ತಿ ಅಂದ್ರು. ನಾಳೆಯಿಂದ ಬರೋದು ಬೇಡ ಅಂದ್ರು," ಎಂದು ಧನ್ಯಶ್ರೀ ಬಿಕ್ಕಿದಳು. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಅವಳು ಗುಮಾಸ್ತೆ.

ತ್ರಿಪುರಸುಂದರಿ ಟೀಚರು ನಿವೃತ್ತ ಕಂಪ್ಯೂಟರ್ ಶಿಕ್ಷಕಿ. ಊರಿನ ಗೋಜಲುಗಳೆಲ್ಲ ಅವರ ಬಾಗಿಲಿಗೇ ಬರುತ್ತವೆ. ಆಟೋ ಓಡಿಸುವ ನಾನು, ಈ ಸಿದ್ದಬಸಪ್ಪ, ಊಟ ಬಿಟ್ಟು ಅವರ ಹಿಂದೆ ಅಲೆಯುವುದೂ ತಪ್ಪುವುದಿಲ್ಲ. ಗೊಣಗುತ್ತಲೇ ಆಟೋ ತೆಗೆದೆ.

ಜಾವಳಿಯ ಬೆಳೆಗಾರ ಗುರುವಯ್ಯನವರ ಒಳ್ಳೆಯ ಕಾಫಿಗೆ ಕೀಳು ದರ್ಜೆಯ ಚೀಟಿ ಪ್ರಿಂಟಾಗಿತ್ತು. ರುಚಿ ನೋಡಿ ದರ್ಜೆ ಕೊಡುವವರು ಅಂಥ ಚೀಟಿ ಬರೆದೇ ಇರಲಿಲ್ಲ. ಪ್ರಿಂಟರ್ ಇದ್ದದ್ದು ಧನ್ಯಶ್ರೀಯ ಕೋಣೆಯಲ್ಲಿ. ಅಪವಾದ ಅವಳ ತಲೆಗೇ ಬಂತು.

ಅಲ್ಲಿಗೆ ಹೋಗಿ ಟೀಚರು ಪ್ರಿಂಟರಿಗೆ ಬಂದ ಫೈಲುಗಳ ಪಟ್ಟಿ ತೆಗೆದು ಓದಿದರು. ಒಂದೇ ಫೈಲು ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಒಂದು ಸಲ, ಒಂದು ಇಪ್ಪತ್ತೈದಕ್ಕೆ ಇನ್ನೊಂದು ಸಲ ಬಂದಿತ್ತು. ಎರಡೂ ಪ್ರಿಂಟಾದದ್ದು ಎರಡು ಗಂಟೆಗೆ.

"ಎಫ್‌ಟಿಪಿಯಲ್ಲಿ ಕಳಿಸಿದಾರೆ, ಬೇರೆ ಕಂಪ್ಯೂಟರಿಂದ ಫೈಲು ಸಾಗಿಸೋ ಹಳೇ ವಿಧಾನ. 'ಪುಟ್' ಅಂತ ಕಮಾಂಡ್ ಹೊಡೆದ್ರೆ ಫೈಲು ನೇರ ಪ್ರಿಂಟರಿಗೆ ಹೋಗತ್ತೆ, ಕಳಿಸಿದವ್ರ ಹೆಸರೂ ಕೇಳಲ್ಲ. ಇಲ್ಲಿ ಯಾರಿಗೆ ಬರತ್ತೆ ಇದು?"

"ತೂಕದ ಕೋಣೆಯ ಹಳೇ ಕಂಪ್ಯೂಟರಿಂದ ಹಾಗೇ ಕಳಿಸೋದು. ಬರೋದು ನಂಗೆ, ಹಳಬ ಅರುಣಣ್ಣಂಗೆ, ಹೋದ ವಾರ ಬಯಲುಸೀಮೆಯಿಂದ ಕೆಲಸಕ್ಕೆ ಬಂದ ಸುಪ್ರೀತ್ ಸರ್‌ಗೆ," ಎಂದಳು ಧನ್ಯಶ್ರೀ.

"ಊಟದ ಹೊತ್ತಲ್ಲಿ ಟ್ರೇಯಲ್ಲಿ ಪೇಪರ್ ಇತ್ತಾ?"

"ಇಲ್ಲ. ಮಳೆಗಾಲ ಅಲ್ವಾ, ಪೇಪರ್ ಶೀತ ಹಿಡಿದು ಸಿಕ್ಕಿಹಾಕ್ಕೊಳ್ಳತ್ತೆ. ಊಟಕ್ಕೆ ಹೋಗೋವಾಗ ತೆಗೆದು ಸ್ಯಾಂಪಲ್ ಹುರಿಯೋ ಒಲೆ ಪಕ್ಕ ಬೆಚ್ಚಗಿಡ್ತೀನಿ. ಎರಡಕ್ಕೆ ವಾಪಸ್ ಹಾಕ್ತೀನಿ."

ಟೀಚರು ಧಣಿ ರವಿಶಂಕರ ಅವರನ್ನೂ ಆ ಮೂವರನ್ನೂ ಕೂರಿಸಿಕೊಂಡರು.

"ಕಮಾಂಡ್ ಹೊಡೆದವ್ರಿಗೆ ಫೈಲು ಹೋಯ್ತು ಅಂತ ಉತ್ತರ ಬಂತು. ಧನ್ಯಶ್ರೀ ಕೋಣೆಯ ಕಿಟಕಿಯಿಂದ ನೋಡಿದ್ರೆ ಚೀಟಿ ಬಂದಿಲ್ಲ. ಅದಕ್ಕೇ ಮತ್ತೊಮ್ಮೆ ಕಳಿಸಿದ್ರು. ಟ್ರೇ ಖಾಲಿ ಮಾಡಿದವಳೇ ಧನ್ಯಶ್ರೀ, ಅವಳ್ಯಾಕೆ ಎರಡು ಸಲ ಕಳಿಸ್ತಾಳೆ? ಅರುಣ್ ಹತ್ತು ಮಳೆಗಾಲದಿಂದ ಈ ಪದ್ಧತಿ ನೋಡಿದಾನೆ. ಗೊತ್ತಿಲ್ಲದವ್ರು ಒಬ್ರೇ."

ಸುಪ್ರೀತ ಎದ್ದು ನಿಂತ. "ಪೇಪರ್ ತೆಗೆದಿಡ್ತಾರೆ ಅಂತ ನಂಗ್ಯಾರೂ ಹೇಳಿರ್ಲಿಲ್ಲ," ಎಂದ. ಆ ಕಾಫಿಯನ್ನು ಅಗ್ಗಕ್ಕೆ ತನ್ನ ಭಾವನಿಗೆ ಕೊಡಿಸುವ ಹಂಚಿಕೆ ಹಾಕಿದ್ದನ್ನೂ ಒಪ್ಪಿಕೊಂಡ. ನನಗೆ ಮೈಯೆಲ್ಲ ಉರಿಯಿತು.

"ನಾಳೆ ಕೆಲಸಕ್ಕೆ ಬಾಮ್ಮ," ಎಂದರು ರವಿಶಂಕರ.

"ಬರ್ತೀನಿ. ನೀವು ಬೈದಿದ್ದು ಬೀಜ ಆರಿಸೋ ಹಾಲ್‌ನಲ್ಲಿ, ನಲವತ್ತು ಜನ ಕೇಳಿದಾರೆ. ನಂದೇನೂ ತಪ್ಪಿಲ್ಲ ಅನ್ನೋದನ್ನೂ ಅಲ್ಲೇ ಹೇಳಿ."

ಧಣಿಗಳು ಟೀಚರ ಮುಖ ನೋಡಿದರು. ಟೀಚರು ಕನ್ನಡಕ ಒರೆಸುತ್ತ ಕೂತಿದ್ದರು.

ಹಾಲ್‌ನಲ್ಲಿ ಬೀಜ ಆರಿಸುತ್ತಿದ್ದ ಹೆಂಗಸರ ಕೈಗಳು ನಿಂತವು. ಧಣಿಗಳು ತಲೆ ತಗ್ಗಿಸಿ ಏನೋ ಹೇಳಿದರು.

"ಹಿಂದಿನ ಸಾಲಿಗೆ ಕೇಳ್ಲಿಲ್ಲ, ಧಣಿ," ಎಂದಳು ಅವರಲ್ಲೊಬ್ಬಳಾದ ಭಾಗಮ್ಮ.

ಅವರು ತಲೆಯೆತ್ತಿ, ಧನ್ಯಶ್ರೀಯ ಹೆಸರು ಹಿಡಿದು, ಗಟ್ಟಿಯಾಗಿ ಹೇಳಿದರು.